ತಟ್ಟೆ, ನಡಿಗೆ, ನೆತ್ತರು: ಸಕ್ಕರೆ ಕಾಯಿಲೆಯಲ್ಲಿ ಕಿಡ್ನಿ ಸೋಲುವುದು ಯಾರಿಗೆ, ಏಕೆ?

ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಫ್ರಿಜ್ಜಿನ ಬಾಗಿಲಿಗೆ ಎರಡು ಊಟದ ಚೀಟಿ ಅಂಟಿಸಿರುತ್ತಾರೆ. ಒಂದು ಶುಗರ್ ಡಾಕ್ಟರು ಕೊಟ್ಟದ್ದು: ಅನ್ನ ಕಡಿಮೆ ಮಾಡಿ, ಬೇಳೆಕಾಳು ಹೆಚ್ಚು ತಿನ್ನಿ, ಸೊಪ್ಪು ದಿನವೂ ಇರಲಿ, ರಾಗಿ ಒಳ್ಳೆಯದು. ಇನ್ನೊಂದು, ಹತ್ತಾರು ವರ್ಷ ಕಳೆದ ಮೇಲೆ ಕಿಡ್ನಿ ಡಾಕ್ಟರು ಕೊಟ್ಟದ್ದು: ಬೇಳೆಕಾಳು ಅಳತೆ ಮೀರದಿರಲಿ, ಸೊಪ್ಪು ಬೇಯಿಸಿ ನೀರು ಬಸಿದು ಚೆಲ್ಲಿ, ಎಳನೀರು ಬೇಡ, ರಾಗಿಯೂ ಮಿತವಾಗಿರಲಿ. ಬಸ್ಸಾರಿನ ಸೀಮೆಯಲ್ಲಿ ಬೆಳೆದವರಿಗೆ ಆ ಸೊಪ್ಪಿನ ಮಾತು ಎಷ್ಟು ಕಷ್ಟದ್ದು ಎಂಬುದು ಚೀಟಿ ಬರೆದವರಿಗೆ ಹೊಳೆಯುವುದಿಲ್ಲ. ಅಲ್ಲಿ ಬಸಿದ ನೀರೇ ಸಾರಾಗುತ್ತದೆ. ಬೇಯುವಾಗ ಸೊಪ್ಪಿನಿಂದ ಇಳಿದ ಪೊಟ್ಯಾಸಿಯಂ ಇರುವುದೂ ಆ ನೀರಿನಲ್ಲೇ.

ಈ ಎರಡು ಚೀಟಿಗಳ ತಕರಾರು ಯಾರದೋ ಅಜಾಗರೂಕತೆಯಿಂದ ಹುಟ್ಟಿದ್ದಲ್ಲ. ಒಂದೊಂದರ ಹಿಂದೆಯೂ ಕಾಯಿಲೆ ಹೇಗೆ ಬರುತ್ತದೆ, ಹೇಗೆ ಬೆಳೆಯುತ್ತದೆ ಎಂಬ ಬೇರೆ ಬೇರೆ ತಿಳಿವಳಿಕೆಯಿದೆ. 2023ರಲ್ಲಿ ಪ್ರಕಟವಾದ ಐಸಿಎಂಆರ್–ಇಂಡಿಯಾಬ್ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು ಸುಮಾರು 10.1 ಕೋಟಿ, ಅದರ ಅಂಚಿನಲ್ಲಿ ನಿಂತವರು ಇನ್ನೂ 13.6 ಕೋಟಿ. ಸಕ್ಕರೆ ಕಾಯಿಲೆ ಬಂದವರಲ್ಲಿ ಶೇಕಡ 20ರಿಂದ 40ರಷ್ಟು ಮಂದಿಯ ಕಿಡ್ನಿಗೆ ಒಂದಲ್ಲ ಒಂದು ದಿನ ಪೆಟ್ಟು ಬೀಳುತ್ತದೆ ಎಂಬುದು ವೈದ್ಯಲೋಕ ಒಪ್ಪಿದ ಅಂದಾಜು. ಅಂದರೆ ಹೆಚ್ಚಿನವರು ಅದೇ ಕಾಯಿಲೆಯೊಂದಿಗೆ ಅಷ್ಟೇ ವರ್ಷ ಬದುಕಿಯೂ ಪಾರಾಗುತ್ತಾರೆ. ಪಾರಾಗುವವರು ಯಾರು, ಸಿಕ್ಕಿಬೀಳುವವರು ಯಾರು, ಇದರಲ್ಲಿ ತಟ್ಟೆಯ ಪಾಲೆಷ್ಟು, ನಡಿಗೆಯ ಪಾಲೆಷ್ಟು, ನೆತ್ತರಿನ ಪರೀಕ್ಷೆ ಮೊದಲೇ ಹೇಳಬಲ್ಲದ್ದೆಷ್ಟು? ಇದೇ ಈ ಬರಹದ ಪ್ರಶ್ನೆ.

ಒಂದು ಮಾತನ್ನು ಮೊದಲೇ ಬಿಡಿಸಿಟ್ಟುಕೊಳ್ಳೋಣ. ‘ಅಪಾಯದ ಅಂಶ’ ಎಂಬ ಒಂದೇ ಹೆಸರಿನಲ್ಲಿ ಎರಡು ಬಗೆಯ ಸಂಗತಿಗಳು ಬೆರೆತುಹೋಗಿವೆ. ಕೆಲವು ಕಿಡ್ನಿಯನ್ನು ತಾವೇ ಕೆಡಿಸುತ್ತವೆ. ಕೆಲವು, ಕಿಡ್ನಿ ಕೆಡುತ್ತಿದೆ ಎಂದು ತಿಳಿಸುತ್ತವೆ, ಅಷ್ಟೆ. ಮೊದಲನೆಯದನ್ನು ತಗ್ಗಿಸಿದರೆ ಕಿಡ್ನಿ ಉಳಿಯುತ್ತದೆ. ಎರಡನೆಯದನ್ನು ತಗ್ಗಿಸಿದರೆ ಲ್ಯಾಬಿನ ಚೀಟಿಯಲ್ಲಿ ಒಂದು ಸಂಖ್ಯೆ ಇಳಿಯುತ್ತದೆ. ಈ ಕ್ಷೇತ್ರದ ಐವತ್ತು ವರ್ಷಗಳ ವಾದಗಳಲ್ಲಿ ಅರ್ಧಕ್ಕರ್ಧ ಹುಟ್ಟಿರುವುದು ಈ ಎರಡನ್ನು ಒಂದೆಂದು ಬಗೆದದ್ದರಿಂದ.

ಚಮಚದಲ್ಲಿ ಕಾಯಿಸಿದ ಮೂತ್ರದಿಂದ

ಲಂಡನ್ನಿನ ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟ್ 1827ರಲ್ಲಿ ಒಂದು ವಿಷಯ ಬರೆದಿಟ್ಟರು. ಮೈಯೆಲ್ಲ ಊದಿಕೊಂಡ ಕೆಲವು ರೋಗಿಗಳ ಮೂತ್ರವನ್ನು ಕಾಯಿಸಿದರೆ ಅದು ಮೊಟ್ಟೆಯ ಬಿಳಿಯ ಹಾಗೆ ಹೆಪ್ಪುಗಟ್ಟುತ್ತಿತ್ತು. ಅವರು ತೀರಿಕೊಂಡ ಮೇಲೆ ನೋಡಿದರೆ ಕಿಡ್ನಿಗಳು ಹಾಳಾಗಿರುತ್ತಿದ್ದವು. ರಕ್ತದಲ್ಲೇ ಉಳಿಯಬೇಕಾದ ಆಲ್ಬುಮಿನ್ ಎಂಬ ಪ್ರೊಟೀನು ಸೋಸುಕವನ್ನು ದಾಟಿ ಹೊರಗೆ ಹೋಗುತ್ತಿತ್ತು. ಇಂದಿಗೂ ರೋಗಿಗಳು ಹೇಳುವ ‘ನೊರೆ ಮೂತ್ರ’ ಅದೇ.

ಸಕ್ಕರೆ ಕಾಯಿಲೆಯ ಹೆಸರು ಇದರ ಜೊತೆ ಸೇರಲು ಇನ್ಸುಲಿನ್ ಬರಬೇಕಾಯಿತು. ಅದಕ್ಕೆ ಮುಂಚೆ ಸಕ್ಕರೆ ಕಾಯಿಲೆಯ ಎಳೆಯರು ಕಿಡ್ನಿ ಸೋಲುವಷ್ಟು ಕಾಲ ಬದುಕುತ್ತಲೇ ಇರಲಿಲ್ಲ. 1936ರಲ್ಲಿ ಪೌಲ್ ಕಿಮ್ಮೆಲ್‌ಸ್ಟೀಲ್ ಮತ್ತು ಕ್ಲಿಫರ್ಡ್ ವಿಲ್ಸನ್ 8 ಮಂದಿಯ ಕಿಡ್ನಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಸೋಸುವ ರಕ್ತನಾಳಗಳ ಉಂಡೆಯಲ್ಲಿ ಗಂಟುಗಂಟಾಗಿ ಕಟ್ಟಿದ ಗಾಯವನ್ನು ವಿವರಿಸಿದರು. ಆ ಗಂಟುಗಳಿಗೆ ಈಗಲೂ ಅವರದೇ ಹೆಸರು. 1960ರ ದಶಕದ ಮೊದಲಲ್ಲಿ ಹ್ಯಾರಿ ಕೀನ್ ಮತ್ತು ಸಂಗಡಿಗರು ಚಮಚ ಕಾಯಿಸಿದರೆ ಕಾಣದಷ್ಟು ಅಲ್ಪ ಆಲ್ಬುಮಿನ್ನನ್ನೂ ಅಳೆಯುವ ದಾರಿ ಕಂಡುಕೊಂಡರು. 1980ರ ದಶಕದಲ್ಲಿ ಲಂಡನ್ನಿನ ವಿಬರ್ಟಿ, ಡೆನ್ಮಾರ್ಕಿನ ಮೊಗೆನ್ಸೆನ್ ಮುಂತಾದವರು ಈ ಅಲ್ಪ ಸೋರಿಕೆಯೇ ಮುಂದಿನ ಕೇಡಿನ ಮುನ್ಸೂಚನೆ ಎಂದು ತೋರಿಸಿದರು. ಮೊಗೆನ್ಸೆನ್ ಕಾಯಿಲೆಯನ್ನು ಐದು ಹಂತಗಳಾಗಿ ವಿಂಗಡಿಸಿದರು: ಮೊದಲು ಕಿಡ್ನಿ ಅತಿಯಾಗಿ ಸೋಸುತ್ತದೆ, ಆಮೇಲೆ ಮೌನ, ಆಮೇಲೆ ಅಲ್ಪ ಸೋರಿಕೆ, ಆಮೇಲೆ ಹೆಚ್ಚಿನ ಸೋರಿಕೆ, ಕೊನೆಗೆ ಡಯಾಲಿಸಿಸ್. ಒಮ್ಮೆ ಕಾಲಿಟ್ಟರೆ ಕೆಳಗೇ ಇಳಿಯುವ ಮೆಟ್ಟಿಲುಗಳಂತೆ ಇದು ಎಲ್ಲರ ಮನಸ್ಸಿನಲ್ಲಿ ನಿಂತಿತು.

ಆ ಮೆಟ್ಟಿಲು ಆಮೇಲೆ ಎರಡೂ ಕಡೆ ಮುರಿಯಿತು. 2003ರಲ್ಲಿ ಬಾಸ್ಟನ್ನಿನ ಜೋಸ್ಲಿನ್ ಕೇಂದ್ರದವರು ಟೈಪ್ 1 ರೋಗಿಗಳನ್ನು ಆರು ವರ್ಷ ಗಮನಿಸಿ, ಅಲ್ಪ ಸೋರಿಕೆ ಇದ್ದವರಲ್ಲಿ ಶೇಕಡ 58ರಷ್ಟು ಮಂದಿಗೆ ಅದು ಇಳಿದದ್ದನ್ನು ಕಂಡರು. 2006ರಲ್ಲಿ ಬ್ರಿಟನ್ನಿನ ಯುಕೆಪಿಡಿಎಸ್ ಅಧ್ಯಯನದ ವಿಶ್ಲೇಷಣೆ ಇನ್ನೊಂದು ತುದಿಯಿಂದ ಪೆಟ್ಟು ಕೊಟ್ಟಿತು: ಟೈಪ್ 2ರಲ್ಲಿ ಕಿಡ್ನಿಯ ಶಕ್ತಿ ಕುಂದಿದವರ ಪೈಕಿ ಶೇಕಡ 51ರಷ್ಟು ಮಂದಿಗೆ ಅದಕ್ಕೂ ಮೊದಲು ಆಲ್ಬುಮಿನ್ ಸೋರಿಯೇ ಇರಲಿಲ್ಲ. ಇದು ಒಂದೇ ಕಾಯಿಲೆಯೋ, ಒಂದು ಹೆಸರಿನಡಿ ಕೂತ ಹಲವು ಕಾಯಿಲೆಗಳೋ ಎಂಬ ಅನುಮಾನ ಅಲ್ಲಿಂದ ಗಟ್ಟಿಯಾಯಿತು.

ಸಕ್ಕರೆಯೇ ಮೂಲ ಎನ್ನುವವರು

ಮೊದಲ ಪಂಥದ ವಾದ ನೇರ. ರಕ್ತದಲ್ಲಿ ಸಕ್ಕರೆ ಏರಿ ನಿಂತರೆ ಅದು ಪ್ರೊಟೀನುಗಳಿಗೆ ಅಂಟಿಕೊಳ್ಳುತ್ತದೆ, ರಕ್ತನಾಳದ ಒಳಪದರ ದಪ್ಪವಾಗುತ್ತದೆ, ಸೋಸುಕ ಕೆಡುತ್ತದೆ. ಇದಕ್ಕೆ ಬಲವಾದ ಸಾಕ್ಷಿ 1993ರಲ್ಲಿ ಅಮೆರಿಕದ ಡಿಸಿಸಿಟಿ ಪ್ರಯೋಗದಿಂದ ಬಂತು. ಟೈಪ್ 1 ಇರುವ 1,441 ಮಂದಿಯಲ್ಲಿ ಸಕ್ಕರೆಯನ್ನು ಬಿಗಿಯಾಗಿ ಹಿಡಿದ ಗುಂಪಿಗೆ ಅಲ್ಪ ಸೋರಿಕೆ ಶೇಕಡ 39ರಷ್ಟು, ಹೆಚ್ಚಿನ ಸೋರಿಕೆ ಶೇಕಡ 54ರಷ್ಟು ಕಡಿಮೆಯಾಯಿತು. ಪ್ರಯೋಗ ಮುಗಿದು ಎರಡೂ ಗುಂಪಿನ ಸಕ್ಕರೆ ಸಮವಾದ ಮೇಲೂ ಹಳೆಯ ಶಿಸ್ತಿನ ಲಾಭ ವರ್ಷಗಟ್ಟಲೆ ಉಳಿಯಿತು. ಮೊದಲ ವರ್ಷಗಳ ಸಕ್ಕರೆಯನ್ನು ದೇಹ ನೆನಪಿಡುತ್ತದೆ ಎಂಬ ಮಾತು ಆಗಿನಿಂದ ಚಾಲ್ತಿಗೆ ಬಂತು.

ಆದರೆ ಈ ವಾದ ಒಂದು ಕಡೆ ನಿಂತುಬಿಡುತ್ತದೆ. ಜೋಸ್ಲಿನ್ ಕೇಂದ್ರವು ಟೈಪ್ 1 ಕಾಯಿಲೆಯೊಂದಿಗೆ 50 ವರ್ಷ ಬದುಕಿದವರಿಗೆ ಪದಕ ಕೊಡುತ್ತದೆ. ಆ ಪದಕದವರನ್ನು ಪರೀಕ್ಷಿಸಿದಾಗ, ಸಕ್ಕರೆ ಅಷ್ಟೇನೂ ಹಿಡಿತದಲ್ಲಿ ಇರದಿದ್ದರೂ ಕಿಡ್ನಿ ಚೆನ್ನಾಗಿರುವವರು ಸಾಕಷ್ಟು ಸಿಕ್ಕರು. ಸಕ್ಕರೆ ಬೇಕೇ ಬೇಕಾದ ಕಾರಣ, ಆದರೆ ಅದೊಂದೇ ಸಾಲದು ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ. ಇನ್ನು ಟೈಪ್ 2ರಲ್ಲಿ ಸಕ್ಕರೆಯನ್ನು ಬಹಳ ಕೆಳಗೆ ತಳ್ಳಲು ಹೊರಟ ಅಕಾರ್ಡ್ ಪ್ರಯೋಗದ ಬಿಗಿ ಚಿಕಿತ್ಸೆಯನ್ನು 2008ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಸೋರಿಕೆ ಕಡಿಮೆಯಾಗಿತ್ತು, ಸಾವು ಹೆಚ್ಚಾಗಿತ್ತು.

ಒತ್ತಡದ ವಾದ

ಒಂದೊಂದು ಕಿಡ್ನಿಯಲ್ಲೂ ಸರಾಸರಿ ಹತ್ತು ಲಕ್ಷದಷ್ಟು ಸೋಸುವ ಘಟಕಗಳಿವೆ. ಎರಡೂ ಸೇರಿ ದಿನಕ್ಕೆ ಸುಮಾರು 180 ಲೀಟರ್ ಸೋಸಿ, ಅದರಲ್ಲಿ ಬಹುಪಾಲನ್ನು ಹಿಂದಕ್ಕೆ ಹೀರಿಕೊಳ್ಳುತ್ತವೆ. 1982ರಲ್ಲಿ ಬ್ಯಾರಿ ಬ್ರೆನ್ನರ್ ಮತ್ತು ಸಂಗಡಿಗರು ಒಂದು ಸರಳವಾದ ವಿಚಾರ ಮುಂದಿಟ್ಟರು: ಕೆಲವು ಘಟಕಗಳು ಸತ್ತರೆ ಉಳಿದವು ಅವುಗಳ ಹೊರೆಯನ್ನೂ ಹೊರುತ್ತವೆ, ಒಳಗಿನ ಒತ್ತಡ ಏರುತ್ತದೆ, ಆ ದುಡಿಮೆಯಲ್ಲೇ ಅವೂ ಸವೆಯುತ್ತವೆ. ಹೆಚ್ಚು ಪ್ರೊಟೀನು ತಿಂದರೂ ಇದೇ ಒತ್ತಡ ಏರುತ್ತದೆ ಎಂಬುದು ಅವರ ವಾದದ ಇನ್ನೊಂದು ಭಾಗ. ಇವತ್ತಿನ ಕಿಡ್ನಿ ಚೀಟಿಯ ‘ಬೇಳೆ ಕಡಿಮೆ’ ಎಂಬ ಸಾಲಿನ ಅಜ್ಜ ಇದು.

ಈ ಪಂಥಕ್ಕೆ ಗೆಲುವು ತಂದದ್ದು ಮಾತ್ರೆಗಳು. 1993ರಲ್ಲಿ ಟೈಪ್ 1ರ 409 ರೋಗಿಗಳಲ್ಲಿ ಕ್ಯಾಪ್ಟೊಪ್ರಿಲ್ ಎಂಬ ಬಿಪಿ ಮಾತ್ರೆಯು ಸಾವು, ಡಯಾಲಿಸಿಸ್, ಕಿಡ್ನಿ ಕಸಿಯನ್ನು ಒಟ್ಟಾರೆ ಅರ್ಧಕ್ಕೆ ಇಳಿಸಿತು. ಸೋಸುವ ಉಂಡೆಯಿಂದ ರಕ್ತ ಹೊರಹೋಗುವ ನಾಳವನ್ನು ಅದು ಸಡಿಲಿಸುತ್ತದೆ. 2001ರಲ್ಲಿ ಲೊಸಾರ್ಟನ್, ಇರ್ಬೆಸಾರ್ಟನ್ ಮಾತ್ರೆಗಳು ಟೈಪ್ 2ರಲ್ಲೂ ಇದೇ ಮಾತನ್ನು ಗಟ್ಟಿ ಮಾಡಿದವು.

ಆಮೇಲೆ ಬಂದ ಎಸ್‌ಜಿಎಲ್‌ಟಿ2 ಮಾತ್ರೆಗಳ ಕಥೆ ನನಗೆ ಬಹಳ ಇಷ್ಟ. ಸೇಬಿನ ಮರದ ತೊಗಟೆಯಿಂದ 1835ರಲ್ಲಿ ತೆಗೆದ ಫ್ಲೊರಿಝಿನ್ ಎಂಬ ಕಹಿ ವಸ್ತುವಿನ ವಂಶದವು ಇವು. ಮೂತ್ರಕ್ಕೆ ಇಳಿದ ಸಕ್ಕರೆಯನ್ನು ಕಿಡ್ನಿ ಹಿಂದಕ್ಕೆ ಹೀರುವಾಗ ಅದರ ಜೊತೆ ಸೋಡಿಯಂ ಕೂಡ ಹೋಗುತ್ತದೆ. ಸಕ್ಕರೆ ಅತಿಯಾದರೆ ಹೀರಿಕೆಯೂ ಅತಿಯಾಗಿ, ಮುಂದಿರುವ ಕಾವಲು ಕೋಶಗಳಿಗೆ ಸೋಡಿಯಂ ಸಾಕಷ್ಟು ತಲುಪುವುದಿಲ್ಲ. ಸೋಸುವುದು ಸಾಲುತ್ತಿಲ್ಲ ಎಂದು ಭ್ರಮಿಸಿ ಅವು ರಕ್ತ ಒಳಬರುವ ನಾಳವನ್ನು ಅಗಲಿಸುತ್ತವೆ. ಒತ್ತಡ ಇನ್ನೂ ಏರುತ್ತದೆ. ಈ ಮಾತ್ರೆ ಹೀರಿಕೆಯನ್ನೇ ತಡೆಯುವುದರಿಂದ ಆ ಭ್ರಮೆ ಕಳೆಯುತ್ತದೆ. 2019ರ ಕ್ರೆಡೆನ್ಸ್ ಪ್ರಯೋಗದಲ್ಲಿ 4,401 ಮಂದಿಯಲ್ಲಿ ಕೆನಾಗ್ಲಿಫ್ಲೋಜಿನ್ ಕಿಡ್ನಿ ಸೋಲು ಮುಂತಾದ ಮುಖ್ಯ ಅಪಾಯಗಳನ್ನು ಒಟ್ಟಾರೆ ಶೇಕಡ 30ರಷ್ಟು ತಗ್ಗಿಸಿತು. ಸಕ್ಕರೆಯ ಪಂಥ, ಒತ್ತಡದ ಪಂಥ ಎರಡೂ ಈ ಒಂದು ಮಾತ್ರೆಯಲ್ಲಿ ಕೈಕೈ ಹಿಡಿದಿವೆ.

ಉರಿಯೂತ ಮತ್ತು ಗಾಯ

ಮೂರನೆಯ ಪಂಥ ಹೇಳುವುದು: ಸಕ್ಕರೆ, ಒತ್ತಡಗಳು ಕಿಡಿ ಹಚ್ಚಬಹುದು, ಆದರೆ ಕಿಡ್ನಿಯನ್ನು ನಿಧಾನವಾಗಿ ಸುಡುವುದು ಒಳಗಿನ ಉರಿಯೂತ. 2012ರಲ್ಲಿ ಜೋಸ್ಲಿನ್ ಕೇಂದ್ರದ ಸಂಶೋಧಕರು ರಕ್ತದಲ್ಲಿ ಟಿಎನ್‌ಎಫ್ ಗ್ರಾಹಕಗಳೆಂಬ ಉರಿಯೂತದ ಪ್ರೊಟೀನುಗಳು ಏರಿದವರ ಕಿಡ್ನಿ ಬೇಗ ಸೋಲುವುದನ್ನು ಟೈಪ್ 1, ಟೈಪ್ 2 ಎರಡರಲ್ಲೂ ತೋರಿಸಿದರು. 2019ರಲ್ಲಿ ಇಂಥ 17 ಪ್ರೊಟೀನುಗಳ ಒಂದು ಗುಂಪನ್ನೇ ಗುರುತಿಸಿದರು. 2020ರಲ್ಲಿ ಗಾಯ ಕಟ್ಟುವುದನ್ನು ತಡೆಯಲೆಂದು ತಂದ ಫಿನೆರೆನೋನ್ ಮಾತ್ರೆ ಫಲ ಕೊಟ್ಟಿತು. ಬೊಜ್ಜು, ಹೊಗೆ, ನಿದ್ದೆಗೇಡು ಕಿಡ್ನಿಯವರೆಗೆ ತಲುಪುವ ದಾರಿ ಇದೇ ಇರಬಹುದೆಂಬ ಊಹೆಗೆ ತೂಕವಿದೆ. ಆದರೆ ಆ 17ರಲ್ಲಿ ಯಾವುದು ಸುಡುವ ಬೆಂಕಿ, ಯಾವುದು ಬೂದಿ ಎಂಬುದು ಇನ್ನೂ ಬೇರ್ಪಟ್ಟಿಲ್ಲ.

ಹುಟ್ಟುವ ಮೊದಲೇ?

ಸೋಸುವ ಘಟಕಗಳು ಎಲ್ಲರಿಗೂ ಹತ್ತು ಲಕ್ಷ ಇರುವುದಿಲ್ಲ. ಎರಡು ಲಕ್ಷ ಇರುವವರೂ ಇದ್ದಾರೆ, ಇಪ್ಪತ್ತು ಲಕ್ಷ ದಾಟಿದವರೂ ಇದ್ದಾರೆ. ಎಣಿಕೆ ತಾಯಿಯ ಹೊಟ್ಟೆಯಲ್ಲೇ ಮುಗಿಯುತ್ತದೆ. ಒಂಬತ್ತನೆಯ ತಿಂಗಳ ಹೊತ್ತಿಗೆ ಎಷ್ಟಾಯಿತೋ ಅಷ್ಟೇ, ಆಮೇಲೆ ಒಂದೂ ಹುಟ್ಟುವುದಿಲ್ಲ. ಕಡಿಮೆ ತೂಕದಲ್ಲಿ ಹುಟ್ಟಿದ ಕೂಸಿಗೆ ಬಂಡವಾಳವೇ ಕಡಿಮೆ. ಅಮೆರಿಕದ ಅರಿಜೋನಾದ ಪಿಮಾ ಜನರಲ್ಲಿ ಸಕ್ಕರೆ ಕಾಯಿಲೆ ಬಂದವರನ್ನು ನೋಡಿದಾಗ, ಬಹಳ ಕಡಿಮೆ ತೂಕದಲ್ಲಿ ಹುಟ್ಟಿದವರಿಗೂ ಬಹಳ ಹೆಚ್ಚು ತೂಕದಲ್ಲಿ ಹುಟ್ಟಿದವರಿಗೂ ಆಲ್ಬುಮಿನ್ ಸೋರಿಕೆ ಹೆಚ್ಚಿತ್ತು. ಎರಡನೆಯ ಗುಂಪಿನ ತಾಯಂದಿರಲ್ಲಿ ಬಸಿರಿನಲ್ಲೇ ಸಕ್ಕರೆ ಕಾಯಿಲೆ ಇದ್ದವರು ಹೆಚ್ಚು.

ಈ ವಿಚಾರದಲ್ಲಿ ಮೈಸೂರಿಗೆ ಲೋಕದ ಭೂಪಟದಲ್ಲಿ ಒಂದು ಜಾಗವಿದೆ. ಮೈಸೂರಿನ ಮಂದಿ ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ದಪ್ಪ ಪುಸ್ತಕಗಳಲ್ಲಿ ಬರೆದಿಟ್ಟಿದ್ದರು. ಅರ್ಧ ಶತಮಾನ ಕಳೆದ ಮೇಲೆ ಕ್ಯಾರೊಲಿನ್ ಫಾಲ್ ಮತ್ತು ಸಂಗಡಿಗರು ಆ ‘ಮಕ್ಕಳ’ ಮನೆ ಹುಡುಕಿ ಹೋಗಿ, ನಡುವಯಸ್ಸಿಗೆ ಬಂದಿದ್ದ ಅವರನ್ನು ಪರೀಕ್ಷಿಸಿದರು. 1998ರಲ್ಲಿ ಪ್ರಕಟವಾದ ಫಲಿತಾಂಶ ಬ್ರಿಟನ್ನಿನದಕ್ಕಿಂತ ಬೇರೆಯಾಗಿತ್ತು: ಹುಟ್ಟುವಾಗ ಗಿಡ್ಡವಾಗಿ, ಉದ್ದಕ್ಕೆ ಹೋಲಿಸಿದರೆ ದಪ್ಪವಾಗಿ ಇದ್ದವರಿಗೆ, ಮತ್ತು ಹೆಚ್ಚು ತೂಕದ ತಾಯಂದಿರ ಮಕ್ಕಳಿಗೆ ಸಕ್ಕರೆ ಕಾಯಿಲೆ ಹೆಚ್ಚು. ಆ ಅಧ್ಯಯನ ನೋಡಿದ್ದು ಸಕ್ಕರೆ ಕಾಯಿಲೆಯನ್ನು, ಕಿಡ್ನಿಯನ್ನಲ್ಲ. ಆದರೂ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಇಂದಿಗೂ ಶೇಕಡ 18ರಷ್ಟು ಕೂಸುಗಳು ಎರಡೂವರೆ ಕಿಲೊಗಿಂತ ಕಡಿಮೆ ತೂಕದಲ್ಲಿ ಹುಟ್ಟುವ ದೇಶದಲ್ಲಿ, ನಲವತ್ತರ ಮೇಲೆ ಸಕ್ಕರೆ ಬಂದಾಗ ಅವರ ಕಿಡ್ನಿಯ ಬಂಡವಾಳ ಎಷ್ಟಿರುತ್ತದೆ ಎಂಬ ಪ್ರಶ್ನೆಯನ್ನು ಪಕ್ಕಕ್ಕೆ ಸರಿಸಲಾಗದು. ‘ನೀವು ಏನು ತಿಂದಿರಿ?’ ಎಂದು ರೋಗಿಯನ್ನು ದಬಾಯಿಸುವ ಮೊದಲು ಅವರ ತಾಯಿಗೆ ತಿನ್ನಲು ಏನು ಸಿಕ್ಕಿತ್ತು ಎಂದೂ ಕೇಳಬೇಕಾಗುತ್ತದೆ.

ತಟ್ಟೆಯ ಮೇಲಿನ ಜಗಳ

ಆಹಾರದ ಕಥೆ ಶುರುವಾಗುವುದು, ವಿಚಿತ್ರವೆಂದರೆ, ಅನ್ನದಿಂದಲೇ. ಜರ್ಮನಿಯಿಂದ ಅಮೆರಿಕಕ್ಕೆ ಹೋದ ವಾಲ್ಟರ್ ಕೆಂಪ್ನರ್ ಎಂಬ ವೈದ್ಯರು 1940ರ ದಶಕದಲ್ಲಿ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಕಿಡ್ನಿ ಕಾಯಿಲೆ ಮತ್ತು ತೀವ್ರ ಬಿಪಿ ಇದ್ದವರಿಗೆ ಅನ್ನ, ಹಣ್ಣು, ಸಕ್ಕರೆ ಮಾತ್ರ ತಿನ್ನಿಸಿದರು. ದಿನಕ್ಕೆ ಪ್ರೊಟೀನು ಸುಮಾರು 20 ಗ್ರಾಂ, ಉಪ್ಪು ಇಲ್ಲವೆನ್ನುವಷ್ಟು ಕಡಿಮೆ. ಬಿಪಿ ಇಳಿಯಿತು, ಊತ ಇಳಿಯಿತು. 1958ರಲ್ಲಿ ಅವರು ಸಕ್ಕರೆ ಕಾಯಿಲೆಯವರಲ್ಲೂ ಇದರ ಫಲವನ್ನು ವರದಿ ಮಾಡಿದರು. ಇದನ್ನು ಓದಿ ಯಾರೂ ಮನೆಯಲ್ಲಿ ಪ್ರಯತ್ನಿಸಬಾರದು. ಅದು ಆಸ್ಪತ್ರೆಯ ಕಣ್ಗಾವಲಿನಲ್ಲಿ ನಡೆದ, ಹೋಲಿಕೆಯ ಗುಂಪಿಲ್ಲದ ಚಿಕಿತ್ಸೆ. ಆದರೆ ಅದು ಬಿಟ್ಟುಹೋದ ಪ್ರಶ್ನೆ ಇನ್ನೂ ಇದೆ: ಕೆಲಸ ಮಾಡಿದ್ದು ಪ್ರೊಟೀನಿನ ಕೊರತೆಯೋ, ಉಪ್ಪಿನ ಕೊರತೆಯೋ, ಇಳಿದ ತೂಕವೋ?

ಪ್ರೊಟೀನಿನ ಬಗ್ಗೆ ಸಾಕ್ಷ್ಯ ಅಷ್ಟು ಗಟ್ಟಿಯಿಲ್ಲ. 1994ರಲ್ಲಿ ಮುಗಿದ, 840 ಮಂದಿಯ ಎಂಡಿಆರ್‌ಡಿ ಪ್ರಯೋಗ ಸ್ಪಷ್ಟ ಲಾಭ ತೋರಿಸಲಿಲ್ಲ; ಇನ್ಸುಲಿನ್ ತೆಗೆದುಕೊಳ್ಳುವವರನ್ನು ಅದು ಸೇರಿಸಿಕೊಂಡೇ ಇರಲಿಲ್ಲ. 2002ರಲ್ಲಿ ಡೆನ್ಮಾರ್ಕಿನಲ್ಲಿ ಟೈಪ್ 1ರ 82 ಮಂದಿಯಲ್ಲಿ ಪ್ರೊಟೀನು ಇಳಿಸಿದವರಿಗೆ ಸಾವು ಮತ್ತು ಡಯಾಲಿಸಿಸ್ ಕಡಿಮೆಯಾದವು, ಆದರೆ ಕಿಡ್ನಿಯ ಶಕ್ತಿ ಕುಂದುವ ವೇಗ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ ಆಗಿತ್ತು. 2009ರಲ್ಲಿ ಜಪಾನಿನ ಟೈಪ್ 2 ರೋಗಿಗಳಲ್ಲಿ ಲಾಭವೇ ಕಾಣಲಿಲ್ಲ; ಆದರೆ ಹೇಳಿದಷ್ಟು ಕಡಿಮೆ ತಿನ್ನಲು ಜನರಿಗೆ ಆಗಲಿಲ್ಲ. ಈಗಿನ ಅಂತರರಾಷ್ಟ್ರೀಯ ಮಾರ್ಗಸೂಚಿ ಡಯಾಲಿಸಿಸ್‌ಗೆ ಮೊದಲು ದೇಹತೂಕದ ಒಂದು ಕಿಲೊಗೆ ದಿನಕ್ಕೆ 0.8 ಗ್ರಾಂ ಎನ್ನುತ್ತದೆ.

ಈ ಸಂಖ್ಯೆಯ ಮುಂದೆ ನಮ್ಮ ತಟ್ಟೆಯನ್ನು ಇಟ್ಟು ನೋಡಬೇಕು. 60 ಕಿಲೊ ತೂಕದವರಿಗೆ 48 ಗ್ರಾಂ ಆಯಿತು. ಪಾಶ್ಚಾತ್ಯರಿಗೆ ಇದು ಇಳಿಸಿಕೊಳ್ಳಬೇಕಾದ ಮಿತಿ. ಬೆಳಗ್ಗೆ ಚಿತ್ರಾನ್ನ, ಮಧ್ಯಾಹ್ನ ಮುದ್ದೆ ಮತ್ತು ತಿಳಿಸಾರು, ರಾತ್ರಿ ಅನ್ನ ಮಜ್ಜಿಗೆ ಉಣ್ಣುವ ಹೆಂಗಸಿಗೆ ಇದು ಏರಬೇಕಾದ ಗುರಿ. ಐಸಿಎಂಆರ್–ಇಂಡಿಯಾಬ್‌ನ ಇತ್ತೀಚಿನ ಆಹಾರ ವರದಿಯಂತೆ ಭಾರತೀಯರ ಕ್ಯಾಲೊರಿಯಲ್ಲಿ ಸುಮಾರು ಶೇಕಡ 62ರಷ್ಟು ಬರುವುದು ಪಿಷ್ಟ, ಸಕ್ಕರೆಗಳಿಂದ. ಅಂಥವರಿಗೆ ‘ಬೇಳೆ ಬಿಡಿ’ ಎಂದರೆ ಅವರು ಕಳೆದುಕೊಳ್ಳುವುದು ಸ್ನಾಯುವನ್ನು. ಇಲ್ಲೊಂದು ಮೋಸವಿದೆ. ಕಿಡ್ನಿಯ ಅಳತೆಗೋಲಾದ ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುವಿನಲ್ಲಿ. ಸ್ನಾಯು ಕರಗಿದರೆ ಕ್ರಿಯಾಟಿನಿನ್ ಇಳಿಯುತ್ತದೆ, ರಿಪೋರ್ಟು ಸುಧಾರಿಸಿದಂತೆ ಕಾಣುತ್ತದೆ, ಮನುಷ್ಯ ಸೊರಗುತ್ತಿರುತ್ತಾನೆ. ಜಿಮ್ಮಿಗೆ ಹೋಗಿ ಡಬ್ಬಿಗಟ್ಟಲೆ ಪ್ರೊಟೀನು ಪುಡಿ ಕುಡಿಯುವ, ಸಕ್ಕರೆ ಕಾಯಿಲೆಯ ಯುವಕನಿಗೆ ಹೇಳುವ ಮಾತನ್ನು ಈ ಹೆಂಗಸಿಗೂ ಹೇಳುವುದು ನನ್ನ ಮಟ್ಟಿಗೆ ತಪ್ಪು. 6,213 ಮಂದಿಯ ಆಹಾರವನ್ನು ನೋಡಿ 2013ರಲ್ಲಿ ಪ್ರಕಟವಾದ ಆನ್‌ಟಾರ್ಗೆಟ್ ವಿಶ್ಲೇಷಣೆಯಲ್ಲಿ, ಅತಿ ಕಡಿಮೆ ಪ್ರೊಟೀನು ತಿಂದವರಿಗೇ ಕಿಡ್ನಿ ಕಾಯಿಲೆಯ ಅಪಾಯ ಹೆಚ್ಚಿತ್ತು. ವಾರಕ್ಕೆ ಹಲವು ಸಲ ಹಣ್ಣು ತಿಂದವರಿಗೆ ಕಡಿಮೆಯಿತ್ತು. ಇದು ಗಮನಿಸಿ ನೋಡಿದ್ದು ಮಾತ್ರ, ಪ್ರಯೋಗವಲ್ಲ. ಸೊರಗಿದವರು ಕಡಿಮೆ ತಿನ್ನುತ್ತಿದ್ದರೋ, ಕಡಿಮೆ ತಿಂದು ಸೊರಗಿದರೋ ಎಂದು ಅದು ಹೇಳಲಾರದು.

ಉಪ್ಪಿನ ಬಗ್ಗೆ ಒಮ್ಮತ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಎನ್ನುತ್ತದೆ. ನಾವು ತಿನ್ನುವುದು ಸುಮಾರು 8 ಗ್ರಾಂ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಬೇಕರಿಯ ಖಾರಾ ಇವೆಲ್ಲ ಲೆಕ್ಕಕ್ಕೆ ಸಿಗದೆ ಒಳಗೆ ಹೋಗುತ್ತವೆ. ಉಪ್ಪು ಇಳಿಸಿದರೆ ಬಿಪಿಯೂ ಸೋರಿಕೆಯೂ ಇಳಿಯುತ್ತವೆ. ಲೊಸಾರ್ಟನ್, ಇರ್ಬೆಸಾರ್ಟನ್ ಪ್ರಯೋಗಗಳನ್ನು 2012ರಲ್ಲಿ ಮರುಪರಿಶೀಲಿಸಿದಾಗ, ಕಡಿಮೆ ಉಪ್ಪು ತಿಂದವರಿಗೇ ಆ ಮಾತ್ರೆಗಳು ಹೆಚ್ಚು ಫಲ ಕೊಟ್ಟದ್ದು ಕಂಡಿತು. ಹಾಗಿದ್ದರೂ ಇಲ್ಲೂ ಒಂದು ಅಪಸ್ವರವಿದೆ. 2011ರಲ್ಲಿ ಫಿನ್‌ಲೆಂಡಿನ ಟೈಪ್ 1 ರೋಗಿಗಳಲ್ಲಿ, ಮೂತ್ರದಲ್ಲಿ ಸೋಡಿಯಂ ಅತಿ ಕಡಿಮೆ ಇದ್ದವರಿಗೇ ಕಿಡ್ನಿ ಸೋಲು ಹೆಚ್ಚಿತ್ತು. ಕಾಯಿಲೆ ಉಲ್ಬಣಿಸಿದವರೇ ಉಪ್ಪು ಬಿಟ್ಟಿದ್ದರೆಂದು ಹಲವರು ಇದನ್ನು ವಿವರಿಸುತ್ತಾರೆ. ನನಗೂ ಆ ವಿವರಣೆ ಒಪ್ಪಿಗೆ, ಪೂರ್ತಿ ಸಮಾಧಾನವಿಲ್ಲ.

ಇನ್ನು ಪೊಟ್ಯಾಸಿಯಂ. ಸೊಪ್ಪು, ಹಣ್ಣು, ಕಾಳುಗಳು ಬಿಪಿಗೂ ಹೃದಯಕ್ಕೂ ಒಳ್ಳೆಯವು. ಕಿಡ್ನಿ ಬಹಳ ಕುಂದಿದಾಗ ಅವುಗಳ ಪೊಟ್ಯಾಸಿಯಂ ರಕ್ತದಲ್ಲಿ ಉಳಿದು ಎದೆಬಡಿತವನ್ನೇ ನಿಲ್ಲಿಸಬಹುದು, ಅದರಲ್ಲೂ ಲೊಸಾರ್ಟನ್‌ನಂಥ ಮಾತ್ರೆಗಳು ಜೊತೆಗಿದ್ದಾಗ. ತಪ್ಪಾಗುವುದು ಈ ಎಚ್ಚರಿಕೆ ಬೇಕಾದ ಕಾಲಕ್ಕಿಂತ ಬಹಳ ಮುಂಚೆಯೇ ಜಾರಿಯಾದಾಗ. ಆಲ್ಬುಮಿನ್ ಸ್ವಲ್ಪ ಸೋರಿದ ಕೂಡಲೇ ಸೊಪ್ಪು ಬಿಡಿಸುವುದಕ್ಕೆ ಆಧಾರವಿಲ್ಲ. ರಕ್ತದ ಪೊಟ್ಯಾಸಿಯಂ ನೋಡಿ ಹೇಳಬೇಕಾದ ಮಾತದು. ಇದರ ಎದುರು ತುದಿಯಲ್ಲಿ, ಮನೆಮದ್ದೆಂದು ಕುಡಿಯುವ ರಸಗಳ ಬಗ್ಗೆ ಸಾಲದಷ್ಟು ಮಾತಾಡುತ್ತಿದ್ದೇವೆ. ಕರಾವಳಿಯ ಹಿತ್ತಲುಗಳಲ್ಲಿ ಬೆಳೆಯುವ ಬಿಂಬುಳಿಯ ರಸವನ್ನು ಕೊಲೆಸ್ಟ್ರಾಲು ಇಳಿಯಲೆಂದು ಕುಡಿದು ಕಿಡ್ನಿ ದಿಢೀರನೆ ನಿಂತ 10 ಜನರ ವರದಿ 2013ರಲ್ಲಿ ಕೇರಳದಿಂದ ಬಂತು. ಅದರ ಆಕ್ಸಲೇಟು ಹರಳಾಗಿ ಕಿಡ್ನಿಯೊಳಗೆ ಕೂರುತ್ತದೆ. ದಾರೆಹುಳಿಯದೂ ಇದೇ ಗುಣ. ಸಾರಿಗೆ ನಾಲ್ಕು ಹೋಳು ಹಾಕುವುದು ಬೇರೆ, ಖಾಲಿ ಹೊಟ್ಟೆಗೆ ಲೋಟ ತುಂಬ ಕುಡಿಯುವುದು ಬೇರೆ.

ನಡಿಗೆ, ತೂಕ, ಹೊಗೆ

ಇಲ್ಲಿ ಸಾಕ್ಷ್ಯ ತೆಳು, ಆದರೆ ದಿಕ್ಕು ಬಹುಮಟ್ಟಿಗೆ ಒಂದೇ. ಅಮೆರಿಕದ ಲುಕ್ ಅಹೆಡ್ ಪ್ರಯೋಗ ದಪ್ಪ ಮೈಯ 5,145 ಟೈಪ್ 2 ರೋಗಿಗಳಿಗೆ ಊಟ, ನಡಿಗೆಗಳ ಕಟ್ಟುನಿಟ್ಟು ಕಲಿಸಿತು. ಹೃದಯದ ಲಾಭ ಕಾಣದೆ ಅದನ್ನು ನಿಲ್ಲಿಸಿದರು. ಕಿಡ್ನಿಯ ಲೆಕ್ಕ ತೆಗೆದಾಗ ಅತಿ ಅಪಾಯದ ಹಂತ ತಲುಪುವವರು ಶೇಕಡ 31ರಷ್ಟು ಕಡಿಮೆಯಾಗಿದ್ದರು. ಚೀನಾದ ದಾಚಿಂಗ್ ನಗರದಲ್ಲಿ 1986ರಲ್ಲಿ ಕಾಯಿಲೆಯ ಅಂಚಿನಲ್ಲಿದ್ದ 577 ಮಂದಿಯೊಂದಿಗೆ ಶುರುವಾದ ಪ್ರಯೋಗ ಎರಡು ದಶಕಗಳ ನಂತರ ಕಣ್ಣಿಗೆ ಲಾಭ ತೋರಿಸಿತು, ಕಿಡ್ನಿಗೆ ತೋರಿಸಲಿಲ್ಲ. ಸಿಗರೇಟು, ಬೀಡಿ ಕಿಡ್ನಿಯನ್ನು ಕೆಡಿಸುತ್ತವೆ ಎಂಬುದರಲ್ಲಿ ಎರಡು ಮಾತಿಲ್ಲ. ಮಂಡಿನೋವಿಗೆಂದು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗುವ ನೋವಿನ ಗುಳಿಗೆಯನ್ನೂ ಜೀವನಶೈಲಿಯ ಪಟ್ಟಿಗೇ ಸೇರಿಸಬೇಕೆಂದು ನನ್ನ ಆಗ್ರಹ. ನಡೆಯಿರಿ ಎಂದು ಹೇಳಿಸಿಕೊಂಡು, ಮಂಡಿ ನೋವಿಗೆ ಗುಳಿಗೆ ನುಂಗಿ ನಡೆಯುವವರು ಎಷ್ಟು ಮಂದಿಯೋ.

ಡೆನ್ಮಾರ್ಕಿನ ಸ್ಟೆನೊ-2 ಪ್ರಯೋಗ ಬರೀ 160 ಮಂದಿಯದು. ಸಕ್ಕರೆ, ಬಿಪಿ, ಕೊಬ್ಬು, ಊಟ, ವ್ಯಾಯಾಮ, ಹೊಗೆ ಎಲ್ಲವನ್ನೂ ಒಟ್ಟಿಗೇ ಹಿಡಿದ ಗುಂಪಿನಲ್ಲಿ ಕಿಡ್ನಿ ಕಾಯಿಲೆ 2003ರ ಹೊತ್ತಿಗೆ ಶೇಕಡ 61ರಷ್ಟು ಕಡಿಮೆಯಾಗಿತ್ತು. ಇದು ದೊಡ್ಡ ಫಲ. ಆದರೆ ಯಾವುದರಿಂದ ಬಂತು ಎಂದು ಬಿಡಿಸಲು ಆಗುವುದಿಲ್ಲ.

ಸೂಚಕಗಳ ಸಂತೆ

ನಿತ್ಯದ ಬಳಕೆಗೆ ಎರಡೇ ಅಳತೆ. ಒಂದು, ಮೂತ್ರದ ಆಲ್ಬುಮಿನ್–ಕ್ರಿಯಾಟಿನಿನ್ ಅನುಪಾತ: 30 ದಾಟಿದರೆ ಎಚ್ಚರ, 300 ದಾಟಿದರೆ ಅಪಾಯ. ಜ್ವರ, ಮೂತ್ರದ ಸೋಂಕು, ಹಿಂದಿನ ದಿನದ ಓಟ ಕೂಡ ಇದನ್ನು ಏರಿಸುವುದರಿಂದ ಒಂದೇ ರಿಪೋರ್ಟು ನೋಡಿ ತೀರ್ಮಾನಿಸಬಾರದು. ಎರಡು, ಕ್ರಿಯಾಟಿನಿನ್‌ನಿಂದ ಲೆಕ್ಕ ಹಾಕುವ ಸೋಸುವಿಕೆಯ ಅಂದಾಜು, ಇಜಿಎಫ್‌ಆರ್. ಕ್ರಿಯಾಟಿನಿನ್ 1.1 ಎಂದರೆ ಲ್ಯಾಬಿನ ಚೀಟಿಯಲ್ಲಿ ಸರಿಯೆಂದೇ ಕಾಣಬಹುದು. 70 ವರ್ಷದ ಹೆಂಗಸಿನಲ್ಲಿ ಅದರ ಅರ್ಥ ಇಜಿಎಫ್‌ಆರ್ ಸುಮಾರು 54, ಕಾಯಿಲೆಯ ಗೆರೆಯಾದ 60ಕ್ಕಿಂತ ಕೆಳಗೆ. ಸ್ನಾಯು ಕಡಿಮೆಯಿರುವ ಭಾರತೀಯರಲ್ಲಿ ಈ ಸೂತ್ರಗಳು ಕಿಡ್ನಿಯನ್ನು ಇರುವುದಕ್ಕಿಂತ ಚೆನ್ನಾಗಿ ತೋರಿಸುತ್ತವೆ ಎಂಬ ದೂರು ನಮ್ಮ ಸಂಶೋಧಕರದು. ಸ್ನಾಯುವನ್ನು ಅಷ್ಟಾಗಿ ಅವಲಂಬಿಸದ ಸಿಸ್ಟಾಟಿನ್ ಸಿ ಪರೀಕ್ಷೆ ಇದೆ, ಆದರೆ ದುಬಾರಿ.

ಇವೆರಡರಾಚೆ ನಡೆದ ಹುಡುಕಾಟ ಕಲಿಸಿದ ಪಾಠ ಕಹಿಯದು. ಹೋಮೊಸಿಸ್ಟೀನ್ ಏರಿದವರ ಕಿಡ್ನಿ ಕೆಡುತ್ತದೆ ಎಂದು ಕಂಡು, ಅದನ್ನು ಇಳಿಸುವ ಬಿ ವಿಟಮಿನ್‌ಗಳನ್ನು ಹೆಚ್ಚು ಪ್ರಮಾಣದಲ್ಲಿ ಕೆನಡಾದಲ್ಲಿ 238 ಮಂದಿಯ ಪ್ರಯೋಗದಲ್ಲಿ ಕೊಟ್ಟು ನೋಡಿದರು. 2010ರ ಫಲಿತಾಂಶ: ಹೋಮೊಸಿಸ್ಟೀನ್ ಇಳಿಯಿತು, ಕಿಡ್ನಿ ಇನ್ನೂ ಬೇಗ ಕುಂದಿತು. ಯೂರಿಕ್ ಆಮ್ಲದ್ದೂ ಅದೇ ಹಾಡು. 2020ರಲ್ಲಿ ಟೈಪ್ 1ರ 530 ಮಂದಿಯಲ್ಲಿ ಅಲೊಪ್ಯುರಿನಾಲ್ ಯೂರಿಕ್ ಆಮ್ಲ ಇಳಿಸಿತು, ಕಿಡ್ನಿಯನ್ನು ಉಳಿಸಲಿಲ್ಲ. ವಿಟಮಿನ್ ಡಿ ಕಡಿಮೆಯಿದ್ದವರಿಗೆ ಅಪಾಯ ಹೆಚ್ಚೆಂದು ಕಂಡಿತ್ತು. 2019ರಲ್ಲಿ 1,312 ಮಂದಿಗೆ ಐದು ವರ್ಷ ಕೊಟ್ಟು ನೋಡಿದರೆ ಏನೂ ಆಗಲಿಲ್ಲ. ಮೂತ್ರದ ನೂರಾರು ಪ್ರೊಟೀನು ತುಣುಕುಗಳಿಂದ ಅಪಾಯದವರನ್ನು ಮೊದಲೇ ಗುರುತಿಸುವ ಸಿಕೆಡಿ273 ಪರೀಕ್ಷೆ ಯುರೋಪಿನಲ್ಲಿ 1,775 ಮಂದಿಯ ಮೇಲೆ ಸರಿಯಾಗಿಯೇ ಭವಿಷ್ಯ ನುಡಿಯಿತು; ಹಾಗೆ ಗುರುತಿಸಿದವರಿಗೆ ಸ್ಪೈರೊನೊಲ್ಯಾಕ್ಟೋನ್ ಕೊಟ್ಟರೂ ಸೋರಿಕೆ ತಡೆಯಲಾಗಲಿಲ್ಲ.

ಆಲ್ಬುಮಿನ್ ಕೂಡ ಈ ಕಟಕಟೆ ಹತ್ತಿದೆ. ಎರಡು ಬಗೆಯ ಬಿಪಿ ಮಾತ್ರೆ ಒಟ್ಟಿಗೆ ಕೊಟ್ಟರೆ ಸೋರಿಕೆ ಇನ್ನಷ್ಟು ಇಳಿಯುತ್ತದೆಂದು ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ 1,448 ಮಂದಿಯೊಂದಿಗೆ ನಡೆದ ಪ್ರಯೋಗವನ್ನು, ಪೊಟ್ಯಾಸಿಯಂ ಏರಿ ಕಿಡ್ನಿಗೆ ದಿಢೀರ್ ಪೆಟ್ಟು ಬೀಳುತ್ತಿದ್ದುದರಿಂದ ನಡುವೆಯೇ ನಿಲ್ಲಿಸಿದರು. ಸೋರಿಕೆ ಇಳಿದ ಮಾತ್ರಕ್ಕೆ ಕಿಡ್ನಿ ಉಳಿಯಿತೆಂದು ಹೇಳಲಾಗದು.

ಇತ್ಯರ್ಥವಾಗದೆ ಉಳಿದವು

ಆಹಾರದ ದೊಡ್ಡ ಪ್ರಯೋಗಗಳೆಲ್ಲ ಎಸ್‌ಜಿಎಲ್‌ಟಿ2 ಮಾತ್ರೆಗಳಿಗಿಂತ ಹಿಂದಿನವು. ಒಳಗಿನ ಒತ್ತಡವನ್ನು ಮಾತ್ರೆಯೇ ಇಳಿಸುತ್ತಿರುವಾಗ ಪ್ರೊಟೀನು ಇಳಿಸುವುದರಿಂದ ಇನ್ನೇನಾದರೂ ದಕ್ಕುತ್ತದೆಯೇ? ಉತ್ತರ ಬೇಕು. 2024ರ ಫ್ಲೋ ಪ್ರಯೋಗದಲ್ಲಿ ಸೆಮಾಗ್ಲುಟೈಡ್ ಚುಚ್ಚುಮದ್ದು 3,533 ಮಂದಿಯಲ್ಲಿ ಕಿಡ್ನಿಯ ಮುಖ್ಯ ಅಪಾಯಗಳನ್ನು ಶೇಕಡ 24ರಷ್ಟು ತಗ್ಗಿಸಿತು. ಅವರಲ್ಲಿ ಹೆಚ್ಚಿನವರು ದಪ್ಪ ಮೈಯವರು. ತೆಳ್ಳಗಿದ್ದೂ ಹೊಟ್ಟೆಯಲ್ಲಿ ಮಾತ್ರ ಕೊಬ್ಬಿರುವ ನಮ್ಮ ರೋಗಿಗೆ ಇದು ಎಷ್ಟು ಅನ್ವಯ? ಪೊಟ್ಯಾಸಿಯಂ ಬೆರೆಸಿದ ಉಪ್ಪು 2021ರಲ್ಲಿ ಚೀನಾದ ಹಳ್ಳಿಗಳಲ್ಲಿ ಪಾರ್ಶ್ವವಾಯುವನ್ನು ಶೇಕಡ 14ರಷ್ಟು ಇಳಿಸಿತು. ಕಿಡ್ನಿ ಸೋತಿರುವುದೇ ಗೊತ್ತಿಲ್ಲದ ಲಕ್ಷಾಂತರ ಜನರಿರುವ ಊರುಗಳಲ್ಲಿ ಅದನ್ನು ಅಂಗಡಿಯಲ್ಲಿ ಹಾಗೇ ಮಾರಬಹುದೇ? ಆಲ್ಬುಮಿನ್ ಸೋರದೆಯೇ ಕಿಡ್ನಿ ಕುಂದುವವರದು ಅದೇ ಕಾಯಿಲೆಯೋ, ಮುಪ್ಪು ಮತ್ತು ಬಿಪಿಯ ಫಲವೋ? ಹುಟ್ಟುವಾಗಿನ ತೂಕವನ್ನು ಅಪಾಯದ ಲೆಕ್ಕಕ್ಕೆ ಸೇರಿಸುವುದು ಹೇಗೆ, ಮನೆಯಲ್ಲೇ ಹೆರಿಗೆಯಾದ ತಲೆಮಾರಿಗೆ ಆ ಸಂಖ್ಯೆಯೇ ಇಲ್ಲದಿರುವಾಗ?

ಫ್ರಿಜ್ಜಿನ ಬಾಗಿಲಿಗೆ ಮರಳೋಣ. ಮಂಡ್ಯದ ಕಡೆಯ ಒಬ್ಬ ಹೆಂಗಸು ಎಂದುಕೊಳ್ಳಿ: 55 ವರ್ಷ, ತೂಕ 48 ಕಿಲೊ, ಸಕ್ಕರೆ ಬಂದು ಹನ್ನೆರಡು ವರ್ಷ, ಆಲ್ಬುಮಿನ್ ಅನುಪಾತ 80, ಇಜಿಎಫ್‌ಆರ್ 62, ರಕ್ತದ ಪೊಟ್ಯಾಸಿಯಂ ಸರಿಯಾಗಿದೆ. ಬಸ್ಸಾರಿನ ನೀರು ಚೆಲ್ಲಬೇಕಾದ ಕಾಲ ಅವರಿಗಿನ್ನೂ ಬಂದಿಲ್ಲ, ಇಷ್ಟನ್ನು ಧೈರ್ಯವಾಗಿ ಹೇಳಬಹುದು. ಆ ಸಾರಿಗೆ ಹಾಕುವ ಉಪ್ಪನ್ನು ಇಳಿಸಲೂ ಹೇಳಬಹುದು. ಅದರೊಳಗೆ ಬೇಯುವ ಕಾಳು ಒಂದು ಹಿಡಿ ಇರಬೇಕೋ, ಎರಡು ಹಿಡಿ ಇರಬೇಕೋ ಎಂಬುದಕ್ಕೆ ಅವರಂಥ ಮೈಕಟ್ಟಿನವರನ್ನು, ಅವರಂಥ ಊಟದವರನ್ನು ಕೂರಿಸಿ ನೋಡಿದ ಪ್ರಯೋಗದ ಉತ್ತರ ಬೇಕು. ಎರಡು ಚೀಟಿಗಳ ಪೈಕಿ ಆ ಸಾಲು ಮಾತ್ರ ಖಾಲಿ ಬಿಡಬೇಕಾಗಿದೆ.